ನೀಲಗುಂದದಿಂದ ಹಿಂದಿರುಗಿದ ಸೈಕಲ್

ಹರಪನಹಳ್ಳಿ
9 ಡಿಸೆಂಬರ್ 2024

ಕೋಮಲಾ,

ಮೇಲೆ ‘ಪ್ರೀತಿಯ’ ಎಂದು ಬರೆದು ಹೊಡೆದು ಹಾಕಿದ್ದೇನೆ. ಕಾಣುತ್ತಿದೆಯಲ್ಲ? ಕಾಣಲಿ ಎಂದೇ ಒಂದೇ ಗೆರೆಯಲ್ಲಿ ಹೊಡೆದದ್ದು.

ನಿನ್ನೆ ಸಂಜೆಯಿಂದ ನಿನ್ನ ಫೋನ್ ಸ್ವಿಚ್ ಆಫ್. ಅದಕ್ಕೇ ಈ ಪತ್ರ. ಇಂಗ್ಲಿಷ್ ಮೀಡಿಯಂ ಹುಡುಗಿ ಎಂದು ದಾವಣಗೆರೆ ಹಾಸ್ಟೆಲಿನಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದೆ. ಒತ್ತಕ್ಷರ ತಪ್ಪಿದ್ದರೆ ನೀನೇ ತಿದ್ದಿಕೋ. ಹ್ಯಾಂಡಲ್ ಹಿಡಿದು ಹಿಡಿದು ಕಿರುಬೆರಳಿಗೆ ಹಿಡಿದ ಜೋಮು ಇನ್ನೂ ಬಿಟ್ಟಿಲ್ಲ. ತೊಡೆ ನನ್ನವಲ್ಲ, ಬೇರೆ ಯಾರವೋ ತಂದು ಜೋಡಿಸಿದ ಹಾಗಿವೆ. ಆದರೂ ಬರೆಯುತ್ತೇನೆ, ಏಕೆಂದರೆ ನನಗೆ ನಂಬಲಿಕ್ಕೇ ಆಗುತ್ತಿಲ್ಲ!

ಐದೂರು ಸುತ್ತುವ ಐಡಿಯಾ ನಿನ್ನದು. ನಾನು ಕೇಳಿದ ಕೂಡಲೇ ಕುಣಿದೆ. ಕೊಟ್ಟೂರಿನಲ್ಲಿ ಹೊರಟು, ಕೂಡ್ಲಿಗಿ ದಾಟಿ, ಹಗರಿಬೊಮ್ಮನಹಳ್ಳಿಯ ಲಾಡ್ಜಿನಲ್ಲಿ ಸತ್ತವರ ಹಾಗೆ ಮಲಗಿ, ಎದ್ದು ಹಡಗಲಿ ಮುಟ್ಟಿ, ಎದುರುಗಾಳಿಗೆ ತಲೆ ಬಗ್ಗಿಸಿಕೊಂಡು ತುಳಿದು ತುಳಿದು ಬಂದೆವು. ಹರಪನಹಳ್ಳಿ ಇನ್ನೊಂದು ತಾಸಿನ ದಾರಿ. ಆಗ ನೀನು ನನ್ನನ್ನು ಬಿಟ್ಟು ಹೋದೆ. ನೀಲಗುಂದದಲ್ಲಿ! ಭೀಮೇಶ್ವರನ ಗುಡಿಯ ಎದುರಿಗೆ! ಅಂಥದ್ದೇನಾಯಿತು ಕೋಮಲಾ?

ನೀರು ಕುಡಿಯುತ್ತಿದ್ದೆವು. ನಮ್ಮ ಅತ್ತೆಯ ಫೋನ್ ಬಂತು. ಸ್ಪೀಕರ್ ಹಾಕಿದೆ. “ಎಲ್ಲಿ ಅದೀರಿ? ಓಣಿ ಮಂದಿ ಎಲ್ಲಾ ಬಾಗ್ಲಾಗ ನಿಂತೈತಿ. ಇಬ್ರಿಗೂ ಉಡಿ ತುಂಬ್ತೀನಿ, ಎಲ್ಡು ಮೊರ ತಗದಿಟ್ಟೀನಿ. ನಿನ್ನ ಗೆಳತಿಗೆ ಹೇಳು, ಗಂಡನ ಹೆಸರು ಹಚ್ಚಿ ಒಡಪು ಹೇಳೋತನ ಒಳಗ ಬಿಡಾಂಗಿಲ್ಲ ಅಂತ.” ನಾನು ಕಿರುಚಿ ಚಪ್ಪಾಳೆ ಹೊಡೆದೆ. ನೀನು ಬಗ್ಗಿ ಚೈನ್ ನೋಡಿದೆ. “ಯಾಕೋ ಸಡ್ಲ ಆಗೈತಿ. ನೀ ಮುಂದ ಸಾಗು, ನಾ ಹಿಂದ ಬರ್ತೀನಿ” ಅಂದೆ. ನಂಬಿ ಸಾಗಿದೆ. ತಿರುವಿನಲ್ಲಿ ಹೊರಳಿ ನೋಡಿದರೆ ನಿನ್ನ ಸೈಕಲ್ ಮೆಕ್ಕೆಜೋಳದ ಟ್ರ್ಯಾಕ್ಟರಿನ ಮೇಲಿತ್ತು. ಟ್ರ್ಯಾಕ್ಟರ್ ನಾವು ಬಂದ ದಾರಿಗೇ ವಾಪಸ್ ಹೊರಟಿತ್ತು. ನಾನು ಎಷ್ಟು ಕೂಗಿದೆ ಗೊತ್ತಾ!

ಒಬ್ಬಳೇ ಮನೆ ಮುಟ್ಟಿದೆ. ಪಕ್ಕದ ಮನೆಯ ಅಂಜಿನಕ್ಕ ಶುರು ಮಾಡಿದಳು: “ಇದೇನ ನಾಗಲಿಂಗವ್ವ, ಎಲ್ಡು ಮೊರ ಹಚ್ಕೊಂಡು ಕುಂತೀಯ, ಒಂದ ಬಂತು. ಇನ್ನೊಂದು ಪಂಚರ್ ಆತೇನು?” ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ನಾನು ಸೈಕಲಿನಿಂದ ಇಳಿಯಲು ಹೋಗಿ ಕಾಲು ಮಡಚಿ ನಮ್ಮವರ ಮೈಮೇಲೆ ಬಿದ್ದೆ, ಮಾವನವರ ಎದುರಿಗೇ! ಅತ್ತೆ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಬುಸದ ಕಣ ಹಾಕುವಾಗ, ವಾರದಿಂದ ಬಾಯಿಪಾಠ ಮಾಡಿದ ಒಡಪು ಮರೆತೇ ಹೋಯಿತು. ‘ಕೊಟ್ರಸ್ವಾಮಿ’ ಎಂದು ಬರೀ ಹೆಸರು ಹೇಳಿ ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರು. ನಿನ್ನ ಮೊರ ಪಕ್ಕದಲ್ಲೇ ತುಂಬಿಕೊಂಡು ಕೂತಿತ್ತು.

ನಿಜ ಹೇಳು. ದಾರಿಯುದ್ದಕ್ಕೂ ‘ನಮ್ಮವರು ಹಾಗೆ, ನಮ್ಮವರು ಹೀಗೆ’ ಎಂದು ನಾನು ಕೊರೆದದ್ದು ಸಾಕಾಯಿತೇ? ನಿನ್ನ ಮದುವೆಯಾಗಿ ಎರಡು ವರ್ಷವಾಯಿತು, ನಿನಗೆ ಇದೆಲ್ಲ ಹಳತು. ಅಥವಾ ಸ್ವಲ್ಪ ಹೊಟ್ಟೆಕಿಚ್ಚಾ? ಬೇರೇನು ತಿಳಿಯಲಿ? ಎರಡೂ ದಿನ ನೀನು ವಿಚಿತ್ರವಾಗಿಯೇ ಇದ್ದೆ. ಕೂಡ್ಲಿಗಿಯಲ್ಲಿ ನಿಮ್ಮ ತವರುಮನೆಗೆ ಹೋಗೋಣವೆಂದರೆ ಬೇಡ ಎಂದೆ. ಚಹಾದಂಗಡಿಯ ಹುಲುಗಣ್ಣ ನಿನ್ನನ್ನು ನೋಡಿ “ಕೋಮಲವ್ವ, ನೀ ಹಿಂಗ ಹೊರಗ ಬಂದಿದ್ದು ನಿಮ್ಮಪ್ಪಗ ಗೊತ್ತೈತೇನು?” ಎಂದ. ಸೈಕಲ್ ಹೊಡೆಯುವುದಕ್ಕೆ ಅಪ್ಪನ ಪರ್ಮಿಶನ್ ಬೇಕಾ ಎಂದು ನಾನು ಅವನೊಂದಿಗೆ ಜಗಳವಾಡಿದೆ, ನೀನು ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಲಾಡ್ಜಿನಲ್ಲಿ ಕಿಟಕಿಯಿಲ್ಲದ ಆ ಕೋಣೆಯ ಸೆಕೆಯಲ್ಲೂ ಸಾಕ್ಸ್ ಹಾಕಿಕೊಂಡೇ ಮಲಗಿದೆ. ಆ ಸೈಕಲೋ ನಿನಗಿಂತ ಎತ್ತರ!

ಸಿಂಧನೂರಿನಿಂದ ನಿಮ್ಮವರು, ಸೋಮಶೇಖರ್ ಅವರಿಗೆ ಯಾವಾಗ ರಜೆ? ಅವರಿಗೆ ಹೇಳಿ ನಿನ್ನ ಕಿವಿ ಹಿಂಡಿಸುತ್ತೇನೆ.

ನೀನು ಮುಗಿಸದೆ ನಾನು ಮುಗಿಸಿದೆ ಎಂದು ಯಾರಿಗೆ ಹೇಳಿಕೊಳ್ಳಲಿ? ಫೋಟೋ ಕೂಡ ಹಾಕಿಲ್ಲ. ಉತ್ತರ ಬರೆ.

ಕೋಪಗೊಂಡಿರುವ,
ಶಾಂಭವಿ


ಕೂಡ್ಲಿಗಿ
13 ಡಿಸೆಂಬರ್ 2024

ಶಾಂಭವಿ,

ಪತ್ರ ಮುಟ್ಟಿತು. ಒತ್ತಕ್ಷರ ಎರಡೇ ಕಡೆ ತಪ್ಪಿವೆ.

ನಡು ನೋಯುತ್ತಿತ್ತು. ಇನ್ನು ತುಳಿಯಲಾಗಲಿಲ್ಲ. ಹೇಳಿದ್ದರೆ ನೀನೂ ನಿಲ್ಲುತ್ತಿದ್ದೆ, ಅದಕ್ಕೆ ಹೇಳಲಿಲ್ಲ. ಹೊಟ್ಟೆಕಿಚ್ಚು ಎಂದಿದ್ದೀಯ. ಇರಬಹುದು. ನಾನು ಅದನ್ನು ಯೋಚಿಸಿರಲಿಲ್ಲ, ನೀನು ಬರೆದ ಮೇಲೆ ಯೋಚಿಸಿದೆ.

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ಆ ಉಡಿಯನ್ನು ಬೇರೆ ಯಾರಿಗಾದರೂ ತುಂಬಲು ಹೇಳು. ಅಂಜಿನಕ್ಕನಿಗೇ ಆಗಬಹುದು.

ಫೋನ್ ಕೆಟ್ಟಿದೆ.

ಕೋಮಲಾ


ಹರಪನಹಳ್ಳಿ
16 ಡಿಸೆಂಬರ್ 2024

ಲೇ ಕೋಮಿ,

ನಡು ನೋವಂತೆ! ಮೊದಲೇ ಹೇಳಿದ್ದರೆ ಆ ಟ್ರ್ಯಾಕ್ಟರಿನ ಮೇಲೆ ನಾನೂ ಹತ್ತುತ್ತಿದ್ದೆ. ಹೋಗಲಿ, ಕ್ಷಮಿಸಿದ್ದೇನೆ. ಆದರೆ ಇಲ್ಲೊಂದು ದೊಡ್ಡ ಪಜೀತಿಯಾಗಿದೆ.

ನೀನು ಹೇಳಿದಂತೆ ಅತ್ತೆಗೆ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. “ಒಬ್ಬಾಕಿ ಹೆಸರಿಲೆ ತಗದಿಟ್ಟ ಉಡಿ ಇನ್ನೊಬ್ಬಾಕಿಗೆ ತುಂಬ್ತಾರೇನ? ನಿಮ್ಮ ಇಂಗ್ಲಿಷ್ ಸಾಲ್ಯಾಗ ಏನ್ ಕಲಿಸ್ಯಾರ ನಿನಗ?” ಆ ಅಕ್ಕಿಯನ್ನು ಮತ್ತೆ ಡಬ್ಬಿಗೆ ಸುರಿಯುವಂತೆಯೂ ಇಲ್ಲವಂತೆ. ಅದು ನಿನಗೇ ಮುಟ್ಟಬೇಕಂತೆ. ಹಾಗಾಗಿ ನಿನ್ನ ಮೊರ ದೇವರ ಕೋಣೆಯಲ್ಲಿದೆ. ದೀಪ ಹಚ್ಚಲು ಹೋದಾಗಲೆಲ್ಲ ಅದರ ಮೇಲೆ ಕಾಲಿಡುವುದೊಂದು ಬಾಕಿ!

ನನಗೊಂದು ಸೂಪರ್ ಐಡಿಯಾ ಹೊಳೆದಿದೆ. ಬರುವ ಭಾನುವಾರ ನಾನು, ನಮ್ಮವರು, ಅತ್ತೆ, ಮೂವರೂ ಕಾರಿನಲ್ಲಿ ಮೊರದ ಸಮೇತ ಕೂಡ್ಲಿಗಿಗೆ ಬರುತ್ತೇವೆ. ನಿಮ್ಮ ಮನೆಯಲ್ಲೇ ಉಡಿ ತುಂಬುತ್ತಾರೆ. ಸೋಮಶೇಖರ್ ಅವರಿಗೂ ಬರಲು ಹೇಳು. ನಾನು ಅವರನ್ನು ನೋಡಿದ್ದು ನಿನ್ನ ಮದುವೆಯಲ್ಲಿ, ಅದೂ ಐಸ್‌ಕ್ರೀಮಿನ ಸಾಲಿನಲ್ಲಿ. ಅವರ ನಂಬರ್ ಕೊಟ್ಟರೆ ನಾನೇ ಕರೆಯುತ್ತೇನೆ.

ಒಡಪಿಗೆ ಹೆದರಿ ಓಡಿದೆಯೇನೋ ಎಂದು ನಾನೇ ನಿನಗೊಂದು ಕಟ್ಟಿದ್ದೇನೆ. ನಗಬೇಡ:

ಐದೂರು ತುಳಿದು ಬಂದೇನ ಬಿಸಿಲಾಗ,
ಸೋಮಶೇಖರರ ಹೆಸರು ಹೇಳೇನ ಹೊಸಿಲಾಗ.

ಹೇಗಿದೆ? ಅತ್ತೆಗೆ ಹೇಳಿ ತೋರಿಸಿದೆ. “ಪರವಾಗಿಲ್ಲ, ನಿನಗ ಬರಲಿಲ್ಲ, ಆಕಿಗರ ಬರ್ಲಿ” ಎಂದರು. ಭಾನುವಾರ! ತಯಾರಾಗಿರು!

ನಿನ್ನ ಶಾಂಭವಿ


ಕೂಡ್ಲಿಗಿ
19 ಡಿಸೆಂಬರ್ 2024

ಶಾಂಭವಿ,

ಭಾನುವಾರ ಬರಬೇಡಿ. ಯಾರೂ ಬರಬೇಡಿ.

ನಿನ್ನ ಲಕೋಟೆ ಒಡೆದದ್ದು ನಮ್ಮವ್ವ. ಒಡಪನ್ನು ಓದಿದಳು. ಓದಿ ಪತ್ರವನ್ನು ನನ್ನ ಕೈಗೆ ಕೊಟ್ಟು, ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಹಿತ್ತಲಿಗೆ ಹೋಗಿ ನಿಂತಳು. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಇನ್ನೂ ಬರೆಯುತ್ತಿರಲಿಲ್ಲ.

ಸೋಮು ಇಲ್ಲ. ಆಗಸ್ಟಿನಲ್ಲಿ, ನಿನ್ನ ಮದುವೆಯ ಹಿಂದಿನ ವಾರ, ಸಿಂಧನೂರಿನಲ್ಲಿ ಶಟಲ್ ಆಡುತ್ತ ಕುಸಿದು ಬಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆ ವಾರ ನೀನು ದಿನಾ ಸೀರೆಯ ಫೋಟೋ ಕಳಿಸುತ್ತಿದ್ದೆ. ನಾನು ಎಲ್ಲದಕ್ಕೂ ‘ಚೆಂದ ಐತಿ’ ಎಂದು ಉತ್ತರಿಸಿದೆ. ನಿನ್ನ ಮದುವೆ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮದುವೆಯಾಯಿತು. ಜ್ವರ ಎಂದು ಸುಳ್ಳು ಹೇಳಿ ನಾನು ಬರಲಿಲ್ಲ. ನೀನು ಅಷ್ಟು ಖುಷಿಯಲ್ಲಿದ್ದೆ, ಹೇಳುವ ದಿನ ಸಿಗಲಿಲ್ಲ. ನಿನ್ನೊಬ್ಬಳ ಹತ್ತಿರವಾದರೂ ಅವರು ಇದ್ದ ಹಾಗೆಯೇ ಇರಲಿ ಎನ್ನುವ ಆಸೆಯೂ ಇತ್ತು. ನೀನು ‘ಅವರಿಗೆ ಯಾವಾಗ ರಜೆ’ ಎಂದು ಕೇಳಿದಾಗಲೆಲ್ಲ ಒಂದು ಗಳಿಗೆ ಅವರಿಗೆ ನಿಜವಾಗಿಯೂ ರಜೆ ಇರುತ್ತಿತ್ತು.

ಆ ಸೈಕಲ್ ಅವರದು. ಐದೂರಿನ ದಾರಿಯೂ ಅವರದೇ. ಮಳೆಗಾಲ ಮುಗಿಯಲಿ, ಇಬ್ಬರೂ ಹೋಗೋಣ ಎಂದಿದ್ದರು. ಸೀಟನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ, ಅದಕ್ಕೇ ಎತ್ತರ.

ಇಲ್ಲಿ ನನ್ನನ್ನು ಯಾರೂ ಬೈಯುವುದಿಲ್ಲ. ಯಾವುದಕ್ಕೂ ಕರೆಯುವುದಿಲ್ಲ, ಹೊರಗೆ ಕಂಡರೆ ಬೆರಗಾಗುತ್ತಾರೆ, ಅಷ್ಟೇ. ಹುಲುಗಣ್ಣ ಕೇಳಿದ್ದು ಅದನ್ನೇ. ಆದರೆ ಸೈಕಲ್ ಹತ್ತಿದ ಮೇಲೆ ನೋಡು, ಹೆಲ್ಮೆಟ್ಟಿನೊಳಗೆ ಹಣೆ ಮುಚ್ಚುತ್ತದೆ. ಕೈಗವಸಿನ ಮೇಲೆ ಬಳೆ ಇದೆಯೋ ಇಲ್ಲವೋ ಯಾರೂ ನೋಡುವುದಿಲ್ಲ. ಬೂಟಿನೊಳಗಿನ ಕಾಲುಂಗುರ ಯಾರು ಹುಡುಕುತ್ತಾರೆ? ತಾಳಿ ಎಲ್ಲಿ ಎಂದು ನೀನು ಕೇಳಿದಾಗ ದಾರಿಯಲ್ಲಿ ಕಳ್ಳರ ಭಯ, ಮನೆಯಲ್ಲಿಟ್ಟೆ ಎಂದೆ. ನೀನು ಜಾಣೆ ಎಂದು ಹೊಗಳಿದೆ. ಲಾಡ್ಜಿನಲ್ಲಿ ಸಾಕ್ಸ್ ಬಿಚ್ಚದ್ದೂ ಅದಕ್ಕೇ. ಎರಡು ದಿನ ದಾರಿಯಲ್ಲಿ ನೋಡಿದವರೆಲ್ಲ “ಯಾವೂರ ಹುಡ್ಗೇರು” ಎಂದಷ್ಟೇ ಕೇಳಿದರು. ನನಗೆ ಅಷ್ಟು ಸಾಕಾಗಿತ್ತು.

ನಿಮ್ಮ ಮನೆಯ ಬಾಗಿಲಲ್ಲಿ ಅದನ್ನೆಲ್ಲ ಬಿಚ್ಚಬೇಕಿತ್ತು. ಇಡೀ ಓಣಿಯ ಎದುರು, ಉಡಿಯ ಎದುರು. ಸುಳ್ಳು ಹೇಳಿ ತುಂಬಿಸಿಕೊಳ್ಳಬಹುದಿತ್ತು. ಆಮೇಲೆ ನಿಮ್ಮ ಅತ್ತೆಗೆ ಗೊತ್ತಾದರೆ ಆ ಮನೆಯಲ್ಲಿ ಇರಬೇಕಾದವಳು ನೀನು.

ಇದಕ್ಕೆ ಉತ್ತರ ಬರೆಯಬೇಕೆಂದಿಲ್ಲ.

ಕೋಮಲಾ


ಹರಪನಹಳ್ಳಿ
22 ಡಿಸೆಂಬರ್ 2024

ಕೋಮಲಾ,

ಓದಿದೆ. ಮತ್ತೆ ಓದಿದೆ. ಏನೋ ತಪ್ಪು ಓದಿದ್ದೇನೆ ಎಂದು ನಮ್ಮವರ ಕೈಗೆ ಕೊಟ್ಟೆ. ಅವರೂ ಅದನ್ನೇ ಓದಿದರು.

ನನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಇಂಗ್ಲಿಷಿನಲ್ಲೂ ತಿಳಿಯುತ್ತಿಲ್ಲ. ನಾನು ಹಡಗಲಿಯಲ್ಲಿ ಮಲ್ಲಿಗೆ ಕೊಂಡು ನಿನ್ನ ಹೆಲ್ಮೆಟ್ಟಿಗೆ ಕಟ್ಟಲು ಬಂದಾಗ ನೀನು ತಲೆ ಹಿಂದೆ ತೆಗೆದುಕೊಂಡೆ. ನಾನು ಬಲವಂತ ಮಾಡಿದೆ. ನೀನು ಕಟ್ಟಿಸಿಕೊಂಡೆ. ಒಂದು ಮಾತಾದರೂ ಆಡಬಾರದಿತ್ತೇ? ಒಂದು ಸಲ ನನ್ನ ಬಾಯಿ ಮುಚ್ಚಿಸಬಾರದಿತ್ತೇ? ಐಸ್‌ಕ್ರೀಮಿನ ಸಾಲಿನಲ್ಲಿ ಅವರು ನನಗೆ ತಮ್ಮ ಕಪ್ ಕೊಟ್ಟಿದ್ದರು. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ.

ಅತ್ತೆಗೆ ಹೇಳಿಬಿಟ್ಟೆ. ಬೇಡ ಎನ್ನುತ್ತಿದ್ದೆಯೋ ಏನೋ, ಆದರೆ ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಅವರು ಕೂತಲ್ಲೇ ಕೂತರು. “ಫೋನಿನಾಗ ನಾ ಆಕಿಗೆ ಒಡಪು ಹೇಳಂದೆ” ಎಂದರು. ಅದನ್ನೇ ಮತ್ತೆ ಮತ್ತೆ ಅಂದರು.

ನಾನು ಕೇಳಿದೆ, “ಈಗಾದರೂ ತುಂಬ್ತೀರಾ ಅತ್ತೆ, ಅವಳನ್ನ ಕರೆದು?”

“ಅದು ಹೆಂಗ ಆಗ್ತತಿ?”

“ಯಾಕೆ ಆಗಲ್ಲ?”

“ಯಾಕ ಅಂತ ನನ್ನ ಕೇಳಬ್ಯಾಡ. ನಮ್ಮವ್ವನೂ ಕೇಳಿರಲಿಲ್ಲ, ನಾನೂ ಕೇಳಿಲ್ಲ.”

“ಹಾಗಾದರೆ ಮೊರ ಖಾಲಿ ಮಾಡಿ. ನನಗೆ ಅದನ್ನ ನೋಡೋಕಾಗಲ್ಲ.”

“ಅದೂ ಆಗಾಂಗಿಲ್ಲ.”

ಹಾಗಂದು ಎದ್ದು ಹೋದರು. ತುಂಬುವಂತಿಲ್ಲ, ಬಿಡುವಂತಿಲ್ಲ! ಇದೆಂಥ ಪದ್ಧತಿ ಕೋಮಲಾ? ನಾನು ನಮ್ಮವರನ್ನು ನೋಡಿದೆ. ಅವರು ನೆಲ ನೋಡುತ್ತಿದ್ದರು. ಮದುವೆಯಾದ ಮೇಲೆ ಮೊದಲ ಸಲ ನನಗೆ ಅವರ ಮೇಲೆ ಸಿಟ್ಟು ಬಂತು.

ಇನ್ನು ನಿನ್ನ ಎದುರು ಗಂಡ ಎನ್ನುವ ಶಬ್ದವನ್ನೇ ಎತ್ತುವುದಿಲ್ಲ. ಆಣೆ. ನೀನು ಬರುವುದಾದರೆ ಬಾ, ಬೇಡವಾದರೆ ನಾನೇ ಬರುತ್ತೇನೆ, ಒಬ್ಬಳೇ. ಫೋನ್ ಆನ್ ಮಾಡು. ದಮ್ಮಯ್ಯ.

ಶಾಂಭವಿ


ಹರಪನಹಳ್ಳಿ
13 ಜನವರಿ 2025

ಕೋಮಲಾ!

ಇಷ್ಟು ದಿನ ಒಂದಕ್ಷರ ಬರೆಯದೆ ಇದ್ದು, ನಾನಿಲ್ಲದ ದಿನ ನಮ್ಮ ಮನೆಗೆ ಬಂದು ಹೋಗಿದ್ದೀಯ!

ನಿನ್ನೆ ನಾನು, ನಮ್ಮವರು (ಕ್ಷಮಿಸು) ದಾವಣಗೆರೆಗೆ ನಾಮಕರಣಕ್ಕೆ ಹೋಗಿದ್ದೆವು. ಸಂಜೆ ಬಂದು ದೇವರ ಕೋಣೆಗೆ ಹೋದರೆ ಮೊರ ತೊಳೆದು ಗೋಡೆಗೆ ಒರಗಿಸಿದೆ. ಅತ್ತೆ ಕೊನೆಗೂ ನಿನ್ನ ಉಡಿಯನ್ನು ಎಲ್ಲೋ ಚೆಲ್ಲಿದರು ಎಂದುಕೊಂಡೆ. ಅಡುಗೆಮನೆಯಲ್ಲಿ ಅವರು ಸಂಕ್ರಾಂತಿಗೆ ಶೇಂಗಾ ಹುರಿಯುತ್ತಿದ್ದರು.

“ಎಲ್ಲಿ ಅತ್ತೆ?”

“ಒಯ್ದ್ಲು.”

“ಯಾರು?”

“ಯಾರ ಹೆಸರಿಲೆ ಇತ್ತೋ ಆಕಿ.”

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. “ನಾನಿಲ್ಲದಾಗ ಯಾಕೆ ಬಂದ್ಲು? ನನಗೊಂದು ಫೋನ್ ಮಾಡಬಾರದಿತ್ತಾ?”

“ನೀ ಇದ್ದಿದ್ರ ನಮಗ ಮಾತಾಡಾಕ ಸಂದಿ ಎಲ್ಲಿ ಸಿಗ್ತಿತ್ತು?”

“ನೀವೇ ಆಗಲ್ಲ ಅಂದಿದ್ರಿ!”

“ಅಂದಿದ್ದೆ. ಆಕಿ ನನ್ನ ಹೊಸಿಲಾಗ ಬಂದು ನಿಂತಿರಲಿಲ್ಲ ಅವಾಗ.”

“ಎಲ್ಲಾ ಮಾಡಿದ್ರಾ? ಪೂರ್ತಿ?”

ಅವರು ಶೇಂಗಾ ಕೈಯಾಡಿಸಿದರು. “ಎಲ್ಲಾ ಮಾಡಿದೆ. ಏಳು, ಬೆಲ್ಲ ಕುಟ್ಟು.”

ಅಷ್ಟೇ! ಇದಕ್ಕಿಂತ ಒಂದು ಮಾತು ಹೆಚ್ಚು ಬರಲಿಲ್ಲ. ಅಂಜಿನಕ್ಕನನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ; “ನಿಮ್ಮತ್ತಿ ನಿನ್ನೆ ಹಗಲತ್ನಾಗ ತಲಿಬಾಗ್ಲು ಹಾಕಿದ್ದು ನೋಡಿ ನಾ ಗಾಬರಿ ಆಗಿದ್ದೆ” ಎಂದಳು. ಬಾಗಿಲು ಯಾಕೆ ಹಾಕಿದರು? ಒಳಗೆ ಏನಾಯಿತು? ನೀನು ಅತ್ತುಬಿಟ್ಟೆಯಾ? ಊಟ ಮಾಡಿದೆಯಾ? ಸೈಕಲಿನಲ್ಲೇ ಬಂದೆಯಾ? ಎಲ್ಲಿಂದ ತುಳಿದೆ? ಹೇಳದಿದ್ದರೆ ಸತ್ತೇ ಹೋಗುತ್ತೇನೆ. ಇಲ್ಲ, ಹಾಗೆ ಅನ್ನುವುದಿಲ್ಲ. ಆದರೆ ಹೇಳು.

ಶಾಂಭವಿ


ಕೂಡ್ಲಿಗಿ
16 ಜನವರಿ 2025

ಪ್ರೀತಿಯ ಶಾಂಭವಿ,

ನೀಲಗುಂದದಿಂದ. ಎಲ್ಲಿ ಬಿಟ್ಟಿದ್ದೆನೋ ಅಲ್ಲಿಂದ. ಅಪ್ಪನೇ ಟಂಟಂ ಗಾಡಿಯಲ್ಲಿ ಸೈಕಲ್ ಹೇರಿಸಿ ಗುಡಿಯವರೆಗೆ ಬಿಟ್ಟು, ಏನೂ ಕೇಳದೆ ಹೋದರು. ನನಗೆ ಬೇಕಾದದ್ದು ಉಳಿದ ದಾರಿ ಮಾತ್ರ. ನಿಮ್ಮ ಮನೆಯ ಮುಂದೆ ಹಾದು, ನೀನಿದ್ದರೆ ಕೈ ಬೀಸಿ, ಬಸ್‌ಸ್ಟ್ಯಾಂಡಿಗೆ ಹೋಗುವುದೆಂದಿದ್ದೆ. ಕೊನೆಯ ಏರಿನಲ್ಲಿ ಕಾಲು ಸೋತವು. ಇಳಿದು ನಿಂತಿದ್ದು ನಿಮ್ಮ ಬಾಗಿಲಲ್ಲೇ.

ನಿಮ್ಮ ಅತ್ತೆ ಜೋಳ ಹಸನು ಮಾಡುತ್ತಿದ್ದರು. “ಯಾರ ಮನಿ ಬೇಕವ್ವ? ಬಾ, ನೀರು ಕುಡಿ” ಎಂದರು. ಗುರುತು ಸಿಕ್ಕಿರಲಿಲ್ಲ. ನೀರು ಕುಡಿದು ಹಾಗೇ ಹೋಗಬಹುದಿತ್ತು. ನನಗೆ ಏನಾಯಿತೋ, ಹೆಲ್ಮೆಟ್ ತೆಗೆದೆ. ಕೈಗವಸು ತೆಗೆದೆ. ಮೆಟ್ಟಿಲ ಮೇಲೆ ಕೂತು ಬೂಟು, ಸಾಕ್ಸ್ ಎಲ್ಲ ಬಿಚ್ಚಿದೆ. ಅವರು ನನ್ನ ಪಾದ ನೋಡಿದರು. ಆಮೇಲೆ ಮುಖ ನೋಡಿ, “ಕೋಮಲಾ?” ಎಂದರು. ಒಳಗೆ ಕರೆದು ಬಾಗಿಲು ಹಾಕಿದರು. ಓಣಿ ನೋಡಬಾರದು ಎಂದೇ ಹಾಕಿದ್ದು, ಅದನ್ನು ಅವರೂ ಮುಚ್ಚಿಡಲಿಲ್ಲ. “ನನಗಿನ್ನೂ ಅಷ್ಟು ಧೈರ್ಯ ಬಂದಿಲ್ಲ, ಮಗಳ” ಎಂದರು.

ಮೊರ ತಂದು “ಸೆರಗು ಹಿಡಿ” ಎಂದರು. ಸೆರಗೆಲ್ಲಿದೆ? ಮೈಗೆ ಅಂಟಿಕೊಂಡ ಸೈಕಲ್ ಅಂಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. “ಇದೆಂಥಾ ಅಂಗಿನ! ಹೆಣ್ಮಕ್ಳು ಹಾಕ್ಕೊಳ್ಳೋದು ಅಂತೀರಿ, ಒಂದು ಉಡಿ ಬ್ಯಾಡೇನು?” ನಾನು ಬೆನ್ನು ತಿರುಗಿಸಿದೆ. ಅಂಗಿಯ ಹಿಂದೆ, ನಡುವಿನ ಮೇಲೆ, ಸಾಲಾಗಿ ಮೂರು ಜೇಬು. ನಿಮ್ಮ ಅತ್ತೆ ಬೆರಳು ಹಾಕಿ ನೋಡಿ, “ಅಯ್ಯ, ಬೆನ್ನಾಗ ಇಟ್ಕೊಂಡು ತಿರುಗ್ತೀಯಲ್ಲೇ!” ಎಂದು ನಕ್ಕರು. ನಾನೂ ನಕ್ಕೆ. ಆಗಸ್ಟಿನಿಂದ ಆ ಸದ್ದು ನನ್ನ ಗಂಟಲಿನಿಂದ ಬಂದಿರಲಿಲ್ಲ, ನನಗೇ ದಿಗಿಲಾಯಿತು. ಒಂದು ಜೇಬಿಗೆ ಅಕ್ಕಿ, ಒಂದಕ್ಕೆ ಕೊಬ್ಬರಿ ಬಟ್ಟಲು, ಒಂದಕ್ಕೆ ಕುಬುಸದ ಕಣ, ಎಲೆ ಅಡಿಕೆ. ಬೆನ್ನ ಹಿಂದೆ ನಿಂತು ತುಂಬಿದರು. ಅವರು ಅಳುತ್ತಿದ್ದರೋ ಇಲ್ಲವೋ ನನಗೆ ಕಾಣಲಿಲ್ಲ.

ಎಲ್ಲಾ ಮಾಡಿದೆ ಎಂದು ನಿನಗೆ ಹೇಳಿದರಲ್ಲ, ಎಲ್ಲಾ ಮಾಡಲಿಲ್ಲ. ಕೆನ್ನೆಗೆ ಅರಿಶಿನ ಹಚ್ಚಿದರು. ಕುಂಕುಮದ ಬಟ್ಟಲ ಹತ್ತಿರ ಹೋದ ಕೈ ಅಲ್ಲೇ ನಿಂತಿತು. “ಇದೊಂದು ನನ್ನ ಕೈಲೆ ಆಗವಲ್ದು” ಎಂದರು. “ಇರ್ಲಿ ಬಿಡ್ರಿ” ಎಂದೆ. ಬೇಸರವಾಯಿತು ಶಾಂಭವಿ, ಆಗಲಿಲ್ಲ ಎಂದರೆ ಸುಳ್ಳು. ಅವರೊಂದಿಗೆ ಇದಕ್ಕೆ ಜಗಳವಾಡಬೇಡ. ಅವರಿಗೆ ಎಷ್ಟು ದೂರ ಬರಲಾಯಿತೋ ಅಷ್ಟು ಬಂದರು.

ಆಮೇಲೆ ಅವರು, “ಅವನ ಹೆಸರು ಹೇಳು. ಈಗ ಯಾರೂ ನಿನ್ನ ಬಾಯಿಲೆ ಹೇಳಿಸಿರಾಂಗಿಲ್ಲ” ಎಂದರು. ನಿಜ. ನಮ್ಮ ಮನೆಯಲ್ಲಿ ಆ ಹೆಸರು ಬಂದರೆ ಮಾತು ಬದಲಿಸುತ್ತಾರೆ. ಪ್ರಾಸ ಗೀಸ ಏನಿಲ್ಲದೆ ‘ಸೋಮಶೇಖರ್’ ಎಂದೆ. “ಏನ್ ಅಂತಿದ್ದ, ಏನ್ ಉಣ್ಣುತಿದ್ದ?” ಎಂದು ಕೇಳಿದರು. ಊಟದ ಹೊತ್ತು ಮೀರಿದರೂ ಹೇಳುತ್ತಲೇ ಇದ್ದೆ.

ನಿನ್ನ ಆಣೆಯನ್ನು ವಾಪಸ್ ತೆಗೆದುಕೋ. ಆ ಎರಡು ದಿನ ನೀನು ನಿನ್ನವರ ಬಗ್ಗೆ ಕೊರೆಯುವಾಗ, ಕೊಟ್ರಸ್ವಾಮಿ ಎಂದಲ್ಲೆಲ್ಲ ನಾನು ಒಳಗೇ ಸೋಮು ಎಂದು ಹಾಕಿಕೊಂಡು ಕೇಳುತ್ತಿದ್ದೆ. ಎದುರುಗಾಳಿಯಲ್ಲಿ ನನ್ನನ್ನು ಎಳೆದುಕೊಂಡು ಬಂದದ್ದು ಅದೇ.

ಫೋನ್ ಕೆಟ್ಟಿರಲಿಲ್ಲ. ಈಗ ಆನ್ ಮಾಡಿದ್ದೇನೆ. ಮಾಡು. ನೀನು ಒಂದು ಹೇಳಿದರೆ ನಾನೂ ಅವರದೊಂದು ಹೇಳುತ್ತೇನೆ. ಆಗ ನೀನು ಪಾಪ ಎಂದು ಸುಮ್ಮನಾಗಬೇಡ. ಮಧ್ಯೆ ಬಾಯಿ ಹಾಕು, ನಗು, ಆಮೇಲೇನಾಯಿತು ಎಂದು ಕೇಳು.

ಕೋಮಲಾ